ಯೋಧನ ಸ್ಮಾರಕ ಯಾರ ಪಹಣಿಯಲ್ಲಿದೆ?

2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್ ವಾಹನಗಳ ಸಾಲಿನ ಮೇಲೆ ನಡೆದ ದಾಳಿಯಲ್ಲಿ 40 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಒಬ್ಬರು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು. ವಯಸ್ಸು 33. ಎರಡು ದಿನಗಳ ಬಳಿಕ ಕೆ.ಎಂ. ದೊಡ್ಡಿ ಸಮೀಪದ ಮೆಳ್ಳಹಳ್ಳಿಯ ಬಳಿ ಅವರ ಅಂತ್ಯಸಂಸ್ಕಾರ ನಡೆಯಿತು. ಜಿಲ್ಲೆಯ ಜನ ಸಾಗರದಂತೆ ಹರಿದು ಬಂದದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದಾರೆ. ಟಿ.ವಿ.ಯಲ್ಲಿ ಕಾಣದಿದ್ದದ್ದು ಅದರ ಹಿಂದಿನ ಕಚೇರಿಯ ಕೆಲಸ. ಪಾರ್ಥಿವ ಶರೀರ ಊರು ತಲುಪುವುದರೊಳಗೆ ತಹಶೀಲ್ದಾರರು, ಸರ್ವೆಯರ್, ಗ್ರಾಮ ಲೆಕ್ಕಿಗರು ಸೇರಿ ಮೊದಲು ಹುಡುಕಬೇಕಾಗುವುದು ಜಾಗವನ್ನು. ಸ್ವಂತ ಜಮೀನು ಇಲ್ಲದ ಮನೆಯ ಮಗನಾದರೆ ಸರ್ಕಾರಿ ಜಾಗವೇ ಆಗಬೇಕು. ರಸ್ತೆಗೆ ಹತ್ತಿರವಿರಬೇಕು, ಸಾವಿರಾರು ಜನ ನಿಲ್ಲಲು ಅನುಕೂಲವಿರಬೇಕು, ಯಾರೂ ತಕರಾರು ತೆಗೆಯಬಾರದು. ಇಷ್ಟನ್ನು ಒಂದು ರಾತ್ರಿಯಲ್ಲಿ ತೀರ್ಮಾನಿಸುತ್ತಾರೆ. ಆಮೇಲೆ ಆ ಸ್ಥಳವನ್ನು ಬದಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಚಿತೆ ಉರಿದ ನೆಲವೇ ಸ್ಮಾರಕದ ನೆಲವಾಗುತ್ತದೆ.

ಹುಟ್ಟೂರಿನ ಸ್ಮಾರಕಗಳ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಬಹುತೇಕ ಪ್ರತಿಮೆಯ ಎತ್ತರ, ಉದ್ಘಾಟನೆಗೆ ಬಂದವರು, ಬಾರದವರು ಇವುಗಳ ಸುತ್ತಲೇ ತಿರುಗುತ್ತದೆ. ಸ್ಮಾರಕ ಉಳಿಯುವುದೋ ಅಳಿಯುವುದೋ ಎಂಬುದು ತೀರ್ಮಾನವಾಗುವುದು ಬೇರೆ ಕಡೆ. ಜಾಗ ಯಾರ ಹೆಸರಿನಲ್ಲಿದೆ, ಕಸ ಗುಡಿಸುವ ಹೊಣೆ ಯಾರದು, ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಕಡತದಲ್ಲಿ ಉತ್ತರವಿದೆಯೇ ಎಂಬುದರ ಮೇಲೆ.

ಮೊದಲು ಈ ಪದ್ಧತಿ ಎಷ್ಟು ಹೊಸದು ಎಂಬುದನ್ನು ನೋಡಬೇಕು. 1962, 1965, 1971ರ ಯುದ್ಧಗಳಲ್ಲಿ ಮಡಿದ ಬಹುಪಾಲು ಸೈನಿಕರ ಅಂತ್ಯಕ್ರಿಯೆ ಯುದ್ಧಭೂಮಿಯ ಆಸುಪಾಸಿನಲ್ಲೇ ನಡೆದುಹೋಗುತ್ತಿತ್ತು. ಮನೆಗೆ ಬರುತ್ತಿದ್ದದ್ದು ತಂತಿ ಸಂದೇಶ, ಕೆಲವೊಮ್ಮೆ ಅಸ್ಥಿ, ಒಂದು ಪೆಟ್ಟಿಗೆಯಲ್ಲಿ ಬಟ್ಟೆಬರೆ. 1999ರ ಕಾರ್ಗಿಲ್ ಯುದ್ಧದಲ್ಲಿ ಇದು ಬದಲಾಯಿತು. ಆ ಯುದ್ಧದಲ್ಲಿ ಸತ್ತ 527 ಮಂದಿಯ ಶವಪೆಟ್ಟಿಗೆಗಳು ತ್ರಿವರ್ಣ ಧ್ವಜ ಹೊದ್ದು ದೇಶದ ಮೂಲೆ ಮೂಲೆಯ ಹಳ್ಳಿಗಳಿಗೆ ಹೋದವು, ಮೊದಲ ಬಾರಿಗೆ ಟಿ.ವಿ. ಕ್ಯಾಮೆರಾಗಳೂ ಅವುಗಳ ಹಿಂದೆ ಹೋದವು. ಅಂದಿನಿಂದ ಯೋಧನ ಸಾವು ಊರಿನ ಸಾವಾಯಿತು, ಊರಿಗೊಂದು ಸಮಾಧಿ ಬಂತು.

ಅದಕ್ಕೂ ಹಿಂದೆ ನೆನಪು ನಿಂತದ್ದು ದಂಡು ಇದ್ದ ಕಡೆ, ಇಲ್ಲವೇ ಅಧಿಕಾರ ಇದ್ದ ಕಡೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಇಂದಿನ ಇಸ್ರೇಲಿನ ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಜೋಧಪುರದ ಜೊತೆ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ಅವರ ನೆನಪಿನ ಕಲ್ಲು ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ದೆಹಲಿಯ ತೀನ್ ಮೂರ್ತಿ ವೃತ್ತದ ಮೂವರು ಕಂಚಿನ ಸವಾರರಲ್ಲಿ ಒಬ್ಬ ಮೈಸೂರಿನವನು. 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರನ್ನೂ ಸೇರಿಸಿದರು. ಮೈಸೂರು ಸಂಸ್ಥಾನದ ಯಾವ ಹಳ್ಳಿಯಿಂದ ಯಾವ ಸವಾರ ಹೋಗಿದ್ದ ಎಂದು ಕೇಳಿದರೆ ಇವತ್ತು ಹೇಳುವವರು ವಿರಳ.

ಹಾಗೆಂದು ಹುಟ್ಟೂರಿನ ಕಲ್ಲು ನಮಗೆ ಕಾರ್ಗಿಲ್ ಕಲಿಸಿಕೊಟ್ಟದ್ದಲ್ಲ. ಮಂಡ್ಯ, ಮೈಸೂರು ಸೀಮೆಯಲ್ಲಿ ವೀರಗಲ್ಲು ಇಲ್ಲದ ಹೋಬಳಿ ಸಿಕ್ಕರೆ ಅದೇ ಸುದ್ದಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ಅದೇ ವೀರ. ಈ ಕಲ್ಲುಗಳ ಪೈಕಿ ಒಂದರ ಮುಂದೆ ಇಂದಿನ ಸ್ಮಾರಕ ಸಮಿತಿಗಳೆಲ್ಲ ಸ್ವಲ್ಪ ಹೊತ್ತು ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಅದು ಗುರು ಅವರದೇ ತಾಲ್ಲೂಕಾದ ಮದ್ದೂರಿನ ಆತಕೂರಿನದು. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕ್ರಿ.ಶ. 949-50ರ ಆ ಶಾಸನದ ಹಿನ್ನೆಲೆ ತಕ್ಕೋಲದ ಯುದ್ಧ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಕಾಳಗದಲ್ಲಿ ಮೆರೆದವನು ಮಣಲೇರ. ಮೆಚ್ಚಿದ ಬೂತುಗ ಏನು ಬೇಕೋ ಕೇಳು ಎಂದಾಗ ಮಣಲೇರ ಕೇಳಿದ್ದು ಅರಸನ ಬೇಟೆನಾಯಿ ಕಾಳಿಯನ್ನು. ಆ ನಾಯಿ ಮುಂದೆ ದೊಡ್ಡದೊಂದು ಹಂದಿಯ ಜೊತೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು. ನಾಯಿಗೂ ವೀರಗಲ್ಲು ಹಾಕಿಸಿದ ನಾಡು ಎಂದು ಹೆಮ್ಮೆಪಡಲು ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಮುಂದಿನ ಸಾಲುಗಳನ್ನು ಹೇಳುವವರು ಕಡಿಮೆ.

ಆ ಸಾಲುಗಳಲ್ಲಿ ಇರುವುದು ಶುದ್ಧ ಆಡಳಿತ. ಕಲ್ಲಿನ ಪೂಜೆಗೆಂದು ಹಿರಿಯ ಕೆರೆಯ ಕೆಳಗೆ ಇರ್ಕಂಡುಗ ಭೂಮಿ ಬಿಟ್ಟಿದ್ದಾರೆ. ಅಂದರೆ ಎರಡು ಖಂಡುಗ ಬೀಜ ಹಿಡಿಯುವಷ್ಟು ಗದ್ದೆ. ಎಲ್ಲಿದೆ ಎಂದು ಗುರುತು ಹೇಳಿದ್ದಾರೆ, ಎಷ್ಟು ಎಂದು ಅಳತೆ ಹೇಳಿದ್ದಾರೆ. ನೀರಾವರಿ ಜಮೀನು ಎಂಬುದನ್ನೂ ಗಮನಿಸಬೇಕು. ಖರ್ಚಿಗೆ ಬೇಕಾದಷ್ಟು ಫಸಲು ಅದರಿಂದ ಬರುತ್ತದೆ. ಈ ಭೂಮಿಯನ್ನು ಒಕ್ಕಲಾಗಲಿ, ನಾಡನ್ನು ಆಳುವವನಾಗಲಿ, ಊರನ್ನು ಆಳುವವನಾಗಲಿ ಕೆಡಿಸಿದರೆ ಆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ. ಒತ್ತುವರಿ ಮಾಡುವವನು ಯಾರಿರಬಹುದು ಎಂಬುದನ್ನು ಶಾಸನ ಬರೆಸಿದವರು ಮೊದಲೇ ಊಹಿಸಿದ್ದರು; ಪಟ್ಟಿಯಲ್ಲಿ ಅಧಿಕಾರಿಗಳನ್ನು ಬಿಟ್ಟಿಲ್ಲ. ನೋಡಿಕೊಳ್ಳಬೇಕಾದವನು ಇಂಥವನೇ ಎಂದು ಗೊತ್ತುಮಾಡಿ, ಅವನ ಕರ್ತವ್ಯವನ್ನು ದಿನದ ಊಟಕ್ಕೇ ಗಂಟುಹಾಕಿದರು. ಸತ್ತದ್ದು ಒಂದು ನಾಯಿ, ಆದರೂ ನಿರ್ವಹಣೆಯ ವ್ಯವಸ್ಥೆಯಲ್ಲಿ ಒಂದು ಎಳೆಯೂ ಸಡಿಲವಿಲ್ಲ.

ಸತ್ತ ವೀರನ ಮನೆಯವರಿಗೆ ಕೊಡುತ್ತಿದ್ದ ಭೂಮಿಯೇ ಬೇರೆ. ಕಲ್ನಾಡು, ಬಾಳ್ಗಚ್ಚು, ನೆತ್ತರುಗೊಡಗೆ ಎಂಬ ಹೆಸರುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕಲ್ಲಿಗೆ ಬಿಟ್ಟದ್ದು ಒಂದು, ಮನೆಗೆ ಬಿಟ್ಟದ್ದು ಇನ್ನೊಂದು. ಈ ಎರಡನ್ನು ಬೆರೆಸದಿರುವ ವಿವೇಕ ಈಗ ಕಾಣುವುದಿಲ್ಲ. ಸರ್ಕಾರ ಕುಟುಂಬಕ್ಕೆ ಪರಿಹಾರ ಕೊಡುತ್ತದೆ, ಒಬ್ಬರಿಗೆ ಕೆಲಸ ಕೊಡುತ್ತದೆ. ಗುರು ಅವರ ವಿಷಯದಲ್ಲಿ ಆಗಿನ ರಾಜ್ಯ ಸರ್ಕಾರ 25 ಲಕ್ಷ ರೂಪಾಯಿ ಮತ್ತು ಸರ್ಕಾರಿ ಉದ್ಯೋಗವನ್ನು ಘೋಷಿಸಿತ್ತು. ಅಷ್ಟಾದ ಮೇಲೆ ಸ್ಮಾರಕವನ್ನೂ ಮನೆಯವರೇ ನೋಡಿಕೊಳ್ಳಲಿ ಎಂಬ ಮಾತು ಊರಿನ ಜಗುಲಿಗಳಲ್ಲಿ ಸಲೀಸಾಗಿ ಬಂದುಬಿಡುತ್ತದೆ. ಇದು ಅನ್ಯಾಯ. ಮನೆಯವರು ತಮ್ಮ ಮಗನನ್ನು ನೆನೆಯಲು ಪಿತೃಪಕ್ಷದ ಎಡೆ ಇದೆ, ಗೋಡೆಯ ಮೇಲಿನ ಪಟ ಇದೆ. ರಸ್ತೆ ಬದಿಯ ಕಟ್ಟೆ ಊರಿಗೆ ಬೇಕೆಂದು ಕಟ್ಟಿದ್ದು. ಊರೇ ಅದನ್ನು ಗುಡಿಸಬೇಕು.

ಈಗ ಜಾಗದ ಪ್ರಶ್ನೆ. ಇಂಥ ಸಂದರ್ಭದಲ್ಲಿ ಆತುರಕ್ಕೆ ಸಿಗುವ ಸರ್ಕಾರಿ ಜಾಗ ಸಾಮಾನ್ಯವಾಗಿ ಗೋಮಾಳ, ಖರಾಬು (ಸಾಗುವಳಿಗೆ ಬಾರದ ಜಮೀನು) ಅಥವಾ ರಸ್ತೆಯ ಅಂಚು. ಮೂರಕ್ಕೂ ಮೂರು ಬಗೆಯ ತೊಡಕು. ಗೋಮಾಳವನ್ನು ಊರಿನ ದನಕರುಗಳ ಲೆಕ್ಕದ ಮೇಲೆ ಕಾಯ್ದಿರಿಸಬೇಕು. ಭೂಕಂದಾಯ ನಿಯಮಗಳ ಪ್ರಕಾರ ನೂರು ಜಾನುವಾರಿಗೆ 30 ಎಕರೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಮಂಡ್ಯದ ಬಯಲಿನಲ್ಲಿ ಅಷ್ಟು ಗೋಮಾಳ ಉಳಿಸಿಕೊಂಡ ಊರನ್ನು ದೀಪ ಹಿಡಿದು ಹುಡುಕಬೇಕು. ಖರಾಬಿನಲ್ಲಿ ಬಂಡಿದಾರಿ, ಹಳ್ಳ, ಸ್ಮಶಾನಗಳಂಥ ಸಾರ್ವಜನಿಕ ಉಪಯೋಗದ ಹಕ್ಕುಗಳು ಮೊದಲೇ ಸೇರಿಕೊಂಡಿರುತ್ತವೆ. ರಸ್ತೆಯ ಅಂಚಂತೂ ಲೋಕೋಪಯೋಗಿ ಇಲಾಖೆಯದೋ ಹೆದ್ದಾರಿ ಪ್ರಾಧಿಕಾರದ್ದೋ ಆಗಿರುತ್ತದೆ. ರಸ್ತೆ ಅಗಲಿಸುವಾಗ ಮೊದಲು ಗುರುತು ಹಾಕುವುದು ಅಲ್ಲಿಗೇ.

ದಾರಿ ಇಲ್ಲವೆಂದಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 71ನೇ ಕಲಂ ಸರ್ಕಾರಿ ಜಮೀನನ್ನು ನಿರ್ದಿಷ್ಟ ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಲು ಅವಕಾಶ ಕೊಡುತ್ತದೆ. ಹಾಗೆ ಕಾಯ್ದಿರಿಸಿದ ಮೇಲೆ ಜಿಲ್ಲಾಧಿಕಾರಿಯ ಅನುಮತಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಅಂತ್ಯಸಂಸ್ಕಾರ ಮುಗಿದ ಮರುವಾರವೇ ಗಡಿ ಅಳೆಸಿ ಹದ್ದುಬಸ್ತು ಮಾಡಿಸಿ, ನಕ್ಷೆ ಬರೆಸಿ, ಆದೇಶ ಹೊರಡಿಸಿ, ಜಮೀನಿನ ಹಕ್ಕುದಾಖಲೆಯಾದ ಪಹಣಿಯಲ್ಲಿ ದಾಖಲಿಸಿದರೆ ಜಾಗಕ್ಕೆ ಕಾನೂನಿನ ಬಲ ಬರುತ್ತದೆ. ಆ ವಾರ ಅಧಿಕಾರಿಗಳು ಸಾಂತ್ವನ ಹೇಳಲು ಬರುವ ಗಣ್ಯರ ಬೆಂಗಾವಲಿನಲ್ಲಿ ಇರುತ್ತಾರೆ. ಮುಂದಿನ ವಾರ ಇನ್ನೊಂದು ಕೆಲಸ. ತಹಶೀಲ್ದಾರರಿಗೆ ವರ್ಗವಾಗುತ್ತದೆ. ಜಾಗ ಕೊಟ್ಟದ್ದು ಬಾಯಿಮಾತಿನಲ್ಲೇ ಉಳಿಯುತ್ತದೆ.

ಕಾಗದ ಎಷ್ಟು ಮುಖ್ಯ ಎಂಬುದಕ್ಕೆ ಮಂಡ್ಯದಲ್ಲೇ ಒಂದು ಪಾಠವಿದೆ, ಸ್ಮಾರಕದ್ದಲ್ಲದಿದ್ದರೂ. 2024ರ ಜನವರಿಯಲ್ಲಿ ಕೆರಗೋಡಿನ 108 ಅಡಿ ಧ್ವಜಸ್ತಂಭದ ಮೇಲೆ ಹಾರಿಸಿದ್ದ ಹನುಮ ಧ್ವಜವನ್ನು ಇಳಿಸಿದಾಗ ಇಡೀ ರಾಜ್ಯ ಎರಡು ಪಾಳಯವಾಯಿತು. ಗದ್ದಲದ ನಡುವೆ ಕೊನೆಗೆ ವಾದ ಬಂದು ನಿಂತದ್ದು ಗ್ರಾಮ ಪಂಚಾಯಿತಿ ಅನುಮತಿ ಕೊಡುವಾಗ ಯಾವ ಬಾವುಟಕ್ಕೆಂದು ಕೊಟ್ಟಿತ್ತು ಎಂಬ ಷರತ್ತಿನ ಮೇಲೆ. ಯಾರ ಪಕ್ಷ ಸರಿ ಎಂಬುದು ಬೇರೆ ಮಾತು. ಸಾರ್ವಜನಿಕ ಜಾಗದಲ್ಲಿ ಭಾವನೆಯ ಗುರುತು ನೆಟ್ಟಾಗ ಅದರ ಜೊತೆಗಿನ ಒಂದು ಪುಟದ ನಡಾವಳಿ ಎಷ್ಟು ಭಾರ ಹೊರಬೇಕಾಗುತ್ತದೆ ಎಂಬುದು ಅಲ್ಲಿ ಕಂಡಿತು.

ಮೈಸೂರಿನಂಥ ನಗರದಲ್ಲಿ ಜನ ಕೇಳುವುದು ವೃತ್ತವನ್ನು. ಇಂಥ ವೃತ್ತಕ್ಕೆ ಯೋಧನ ಹೆಸರಿಡಿ, ನಡುವೆ ಪ್ರತಿಮೆ ನಿಲ್ಲಿಸಿ ಎಂಬ ಮನವಿ. ಇಲ್ಲಿ ಸುಪ್ರೀಂ ಕೋರ್ಟ್ ಅಡ್ಡ ಬರುತ್ತದೆ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ ಮತ್ತು ಅಂಥ ಸ್ಥಳಗಳಲ್ಲಿ ಪ್ರತಿಮೆ ಸ್ಥಾಪಿಸಲು ರಾಜ್ಯಗಳು ಅನುಮತಿ ಕೊಡಬಾರದು ಎಂದು 2013ರ ಜನವರಿ 18ರಂದು ಅದು ಆದೇಶಿಸಿತು. ಬೀದಿದೀಪ, ಸಂಚಾರ ವ್ಯವಸ್ಥೆಗಳಂಥವಕ್ಕೆ ಮಾತ್ರ ವಿನಾಯಿತಿ. ಆಮೇಲೂ ವೃತ್ತಗಳಲ್ಲಿ ಪ್ರತಿಮೆಗಳು ಎದ್ದಿವೆ ಎಂಬುದು ನಿಜ. ಆದರೆ ಹಾಗೆ ಎದ್ದದ್ದು ಯಾವಾಗ ಬೇಕಾದರೂ ಕೋರ್ಟಿನ ಮೆಟ್ಟಿಲು ಹತ್ತಬಹುದು. ಇಪ್ಪತ್ತು ದಾಟಿದ್ದೇ ತಡ ಗಡಿಗೆ ಹೋಗಿ ಸತ್ತ ಹುಡುಗನ ಹೆಸರನ್ನು ಅಂಥ ತಕರಾರಿಗೆ ಸಿಕ್ಕಿಸುವುದು ಯಾವ ಗೌರವ? ಉದ್ಯಾನವೋ ಶಾಲೆಯ ಅಂಗಳವೋ ಪಂಚಾಯಿತಿ ಗ್ರಂಥಾಲಯವೋ ಆಗಬಹುದು.

ಹಣದ ವಿಷಯಕ್ಕೆ ಬಂದರೆ, ಕಟ್ಟಲು ಸಿಗುವಷ್ಟು ಸುಲಭವಾಗಿ ಕಾಪಾಡಲು ಸಿಗುವುದಿಲ್ಲ. ಸಂಸದರ ಪ್ರದೇಶಾಭಿವೃದ್ಧಿ ನಿಧಿಯನ್ನೇ ನೋಡಿ. ಸ್ಮಾರಕವೆಂದ ಕೂಡಲೇ ಜನರ ಕಣ್ಣು ಹೋಗುವುದು ಅಲ್ಲಿಗೆ. ಅದರ 2016ರ ಮಾರ್ಗಸೂಚಿ ಸ್ಮಾರಕ ಮತ್ತು ಸ್ಮಾರಕ ಕಟ್ಟಡಗಳನ್ನು ಮಾಡಬಾರದ ಕಾಮಗಾರಿಗಳ ಪಟ್ಟಿಯಲ್ಲೇ ಇಟ್ಟಿತ್ತು, ನಿರ್ವಹಣೆಯ ಕೆಲಸಗಳನ್ನೂ ಅದೇ ಪಟ್ಟಿಗೆ ಸೇರಿಸಿತ್ತು. ವೇದಿಕೆಯ ಮೇಲೆ ನಿಂತು ಹಣ ಘೋಷಿಸಿದವರಿಗೆ ಇದು ಗೊತ್ತಿರಲಿಲ್ಲವೆಂದು ನಂಬುವುದು ಕಷ್ಟ. ಇನ್ನು ಗ್ರಾಮ ಪಂಚಾಯಿತಿ. 2021–26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ನೀರು, ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ ಶೇ 40ಕ್ಕೆ ಚರಂಡಿ, ರಸ್ತೆಯಂಥ ಹತ್ತಾರು ಬೇಡಿಕೆಗಳು ಸಾಲು ನಿಂತಿರುತ್ತಿದ್ದವು. ಉಳಿಯುವುದು ಪಂಚಾಯಿತಿಯ ಸ್ವಂತ ತೆರಿಗೆ. ಗುಡಿಸುವವರಿಗೆ ತಿಂಗಳಿಗಿಷ್ಟು, ಸುಣ್ಣಬಣ್ಣಕ್ಕೆ ವರ್ಷಕ್ಕಿಷ್ಟು, ದೀಪದ ಬಿಲ್ಲು. ಸಣ್ಣ ಮೊತ್ತವೇ. ಆದರೆ ಪ್ರತಿ ವರ್ಷ ಬೇಕು, ಪ್ರತಿ ವರ್ಷ ಕೊಡುವ ದಾನಿಯನ್ನು ನಾನಂತೂ ಕೇಳಿಲ್ಲ.

ಆತಕೂರಿನ ಇರ್ಕಂಡುಗಕ್ಕೆ ಇಂದಿನ ಸಮಾನ ಯಾವುದು ಎಂದರೆ ದತ್ತಿ. ಮೊದಲ ವಾರದಲ್ಲಿ ಕೈಗೂಡುವ ದೇಣಿಗೆಯಲ್ಲಿ ಒಂದು ಪಾಲನ್ನು ಕಟ್ಟಡಕ್ಕೆ ಹಾಕದೆ ಬ್ಯಾಂಕಿನಲ್ಲಿ ಇಡುವುದು. ಐದು ಲಕ್ಷ ರೂಪಾಯಿಗೆ ಶೇ 7ರ ಬಡ್ಡಿ ಸಿಕ್ಕರೆ ವರ್ಷಕ್ಕೆ 35 ಸಾವಿರ. ಒಂದು ಹಳ್ಳಿಯ ಕಟ್ಟೆಯನ್ನು ಚೊಕ್ಕಟವಾಗಿಟ್ಟುಕೊಂಡು, ಊರ ಪ್ರೌಢಶಾಲೆಯ ಮಕ್ಕಳಿಬ್ಬರಿಗೆ ಆ ಯೋಧನ ಹೆಸರಿನಲ್ಲಿ ಬಹುಮಾನ ಕೊಡಲು ಅದು ಸಾಕು. ಬಹುಮಾನ ತೆಗೆದುಕೊಂಡ ಮಗು ಆ ಹೆಸರನ್ನು ಮರೆಯುವುದಿಲ್ಲ. ವೃತ್ತದಲ್ಲಿ ಬಸ್ಸಿಗೆ ಕಾಯುವವರು ಮರೆಯುತ್ತಾರೆ.

ಪ್ರತಿಮೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ದೆಹಲಿಯ ಇಂಡಿಯಾ ಗೇಟ್ ಬಳಿಯ 28 ಅಡಿ ಎತ್ತರದ ನೇತಾಜಿ ಪ್ರತಿಮೆಯನ್ನು ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್. ಎಚ್.ಡಿ. ಕೋಟೆಯ ಕೃಷ್ಣಶಿಲೆ ದೇಶದ ಶಿಲ್ಪಿಗಳಿಗೆಲ್ಲ ಗೊತ್ತು. ಇಂಥ ಕಲ್ಲು, ಇಂಥ ಕೈಗಳು ಕೂಗಳತೆಯಲ್ಲಿರುವಾಗ ನಮ್ಮ ಹಳ್ಳಿಗಳ ಯೋಧರಿಗೆ ಸಿಗುವುದು ಫೈಬರ್ ಅಥವಾ ಸಿಮೆಂಟಿನ ಮುಖ. ಪಾಸ್‌ಪೋರ್ಟ್ ಅಳತೆಯ ಒಂದು ಫೋಟೊ ನೋಡಿ ಮಾಡಿದ್ದು. ಮೀಸೆಯೊಂದು ಬಿಟ್ಟರೆ ಉಳಿದದ್ದೆಲ್ಲ ಬೇರೆ ಯಾರದೋ. ಕೆಲವು ಬೇಸಿಗೆ ಕಳೆದರೆ ಬಣ್ಣ ಎದ್ದುಬರುತ್ತದೆ. ಹೆತ್ತ ತಾಯಿ ಅದನ್ನು ದಿನಾ ನೋಡಿಕೊಂಡು ಓಡಾಡಬೇಕು. ಹೋಲುವ ಪ್ರತಿಮೆಗೆ ಹಣವಿಲ್ಲದಿದ್ದರೆ ಹೆಸರು, ಊರು, ದಳ, ಹುಟ್ಟಿದ ದಿನ, ಸತ್ತ ದಿನ, ಸತ್ತ ಜಾಗ ಇಷ್ಟನ್ನು ಗಟ್ಟಿ ಕಲ್ಲಿನಲ್ಲಿ ಆಳವಾಗಿ ಕೊರೆಸಿದರೆ ಸಾಕು. ವೀರಗಲ್ಲಿನಲ್ಲೂ ಮುಖ ಹೋಲಬೇಕೆಂದು ಯಾರೂ ಬಯಸಿರಲಿಲ್ಲ.

ಯಾರ ಹೆಸರನ್ನು ಕೊರೆಸಬೇಕು ಎಂಬುದೂ ಕಾಣುವಷ್ಟು ಸರಳವಲ್ಲ. ಊರಿನ ಕಣ್ಣಿಗೆ ಸಮವಸ್ತ್ರ ಹಾಕಿದವರೆಲ್ಲ ಯೋಧರೇ. ಸರ್ಕಾರದ ಕಡತದಲ್ಲಿ ಅವರು ಎರಡು ಮನೆಯವರು. ಭೂಸೇನೆ, ನೌಕಾಪಡೆ, ವಾಯುಪಡೆ ರಕ್ಷಣಾ ಸಚಿವಾಲಯದ ಅಡಿ. ಸಿಆರ್‌ಪಿಎಫ್, ಬಿಎಸ್‌ಎಫ್ ಗೃಹ ಸಚಿವಾಲಯದ ಅಡಿ. ಪುಲ್ವಾಮಾ ನಡೆದು ಹನ್ನೊಂದು ದಿನಕ್ಕೆ, 2019ರ ಫೆಬ್ರುವರಿ 25ರಂದು ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾಯಿತು. ಅದು ಮೂರು ಸೇನೆಗಳವರದು. ಅರೆಸೇನಾ ಪಡೆಗಳವರಿಗೆ ಇರುವುದು ಚಾಣಕ್ಯಪುರಿಯ ರಾಷ್ಟ್ರೀಯ ಪೊಲೀಸ್ ಸ್ಮಾರಕ, ಉದ್ಘಾಟನೆಯಾದದ್ದು 2018ರ ಅಕ್ಟೋಬರ್ 21ರಂದು. ರಾಜ್ಯದ ಸೈನಿಕ ಕಲ್ಯಾಣ ಇಲಾಖೆಯ ಸವಲತ್ತುಗಳು ಹೆಣೆದುಕೊಂಡಿರುವುದೂ ಮೂರು ಸೇನೆಗಳ ಸುತ್ತ. ಹಾಗಾಗಿ ಸಿಆರ್‌ಪಿಎಫ್ ಯೋಧನ ಸ್ಮಾರಕದ ಅರ್ಜಿ ಕೆಲವೊಮ್ಮೆ ಯಾರ ಮೇಜಿಗೂ ಸೇರದೆ ಅಲೆಯುತ್ತದೆ. ಹುಟ್ಟೂರಿನ ಕಲ್ಲಿಗೆ ಈ ಭೇದದ ಹಂಗಿಲ್ಲ, ಅದರ ದೊಡ್ಡತನ ಅದೇ. 2023ರ ಆಗಸ್ಟ್‌ನಲ್ಲಿ ‘ನನ್ನ ಮಣ್ಣು ನನ್ನ ದೇಶ’ ಅಭಿಯಾನದಡಿ ಗ್ರಾಮ ಪಂಚಾಯಿತಿಗಳಲ್ಲಿ ನೆಟ್ಟ ಶಿಲಾಫಲಕಗಳು ಸೈನಿಕ, ಅರೆಸೇನಾ ಪಡೆ, ಪೊಲೀಸ್, ಸ್ವಾತಂತ್ರ್ಯ ಹೋರಾಟಗಾರ ಎಲ್ಲರನ್ನೂ ಒಂದೇ ಕಲ್ಲಿಗೆ ತಂದವು. ಆ ಮಟ್ಟಿಗೆ ಅದು ಒಳ್ಳೆಯ ಮಾದರಿ.

ಸತ್ತ ರೀತಿಯೂ ಅಡ್ಡ ಬರುತ್ತದೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಹಿಮಕುಸಿತಕ್ಕೆ ಬಲಿಯಾದ ಹತ್ತು ಮಂದಿಯಲ್ಲಿ ಮೈಸೂರು ಜಿಲ್ಲೆ ಎಚ್.ಡಿ. ಕೋಟೆ ತಾಲ್ಲೂಕಿನ ಸಿಪಾಯಿ ಪಿ.ಎನ್. ಮಹೇಶ ಇದ್ದರು. ಅವರ ಎದುರು ಶತ್ರು ಇರಲಿಲ್ಲ, ಹಿಮ ಇತ್ತು. ದೇಶ ಅವರನ್ನು ನೆನೆದದ್ದು ಸರಿಯಾಗಿಯೇ ಇದೆ. ಆದರೆ ತರಬೇತಿಯಲ್ಲೋ ಗಡಿಯ ರಸ್ತೆ ಅಪಘಾತದಲ್ಲೋ ಒಬ್ಬನೇ ಸತ್ತವನ ಮನೆಗೆ ಕ್ಯಾಮೆರಾ ಬರುವುದಿಲ್ಲ, ಮಂತ್ರಿಗಳೂ ಬರುವುದಿಲ್ಲ, ಸ್ಮಾರಕವೂ ಬರುವುದಿಲ್ಲ. ಹುಟ್ಟೂರು ಯಾವುದು ಎಂಬ ಗೊಂದಲ ಬೇರೆ. 2023ರ ನವೆಂಬರ್ 22ರಂದು ರಜೌರಿಯಲ್ಲಿ ಮಡಿದ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ ಮೈಸೂರು ಮೂಲದವರು. ಬೆಳೆದದ್ದು ಮಂಗಳೂರಿನ ಕಡೆ, ಹೆತ್ತವರ ಮನೆ ಬೆಂಗಳೂರಿನ ಅಂಚಿನ ಜಿಗಣಿಯಲ್ಲಿ. ಮೂರು ಊರುಗಳೂ ನಮ್ಮವನು ಎಂದವು. ಮೂರೂ ಕಲ್ಲು ನೆಡಲಿ ಬಿಡಿ, ಅದರಲ್ಲೇನು ತಪ್ಪು?

ಹಾಗಾದರೆ ಮಂಡ್ಯದ ಅಥವಾ ಮೈಸೂರಿನ ಒಂದು ಗ್ರಾಮ ಪಂಚಾಯಿತಿ ಇಂಥ ಕೆಲಸಕ್ಕೆ ಕೈಹಾಕಿದಾಗ ಸಾಮಾನ್ಯ ಸಭೆಯ ನಡಾವಳಿಯಲ್ಲಿ ಏನಿರಬೇಕು? ಸರ್ವೆ ನಂಬರ್ ಮತ್ತು ಗುಂಟೆಗಳ ಲೆಕ್ಕ, ಜಿಲ್ಲಾಧಿಕಾರಿಯ ಆದೇಶದ ಸಂಖ್ಯೆ, ನಿರ್ವಹಣೆಯ ಹೊಣೆ ಹೊತ್ತ ಹುದ್ದೆ. ವ್ಯಕ್ತಿಯ ಹೆಸರಲ್ಲ, ಹುದ್ದೆ. ದತ್ತಿಯ ಖಾತೆ ಯಾರ ಜಂಟಿ ಸಹಿಯಲ್ಲಿ ನಡೆಯುತ್ತದೆ ಎಂಬುದು. ಕಲ್ಲಿನ ಮೇಲೆ ಉದ್ಘಾಟಕರ ಹೆಸರು ಎಷ್ಟು ದೊಡ್ಡ ಅಕ್ಷರದಲ್ಲಿರಬಹುದು ಎಂಬುದಕ್ಕೂ ಒಂದು ಮಿತಿ ಹಾಕಿದರೆ ಒಳ್ಳೆಯದು. ಅನೇಕ ಕಡೆ ಸತ್ತವನ ಹೆಸರಿಗಿಂತ ಶಾಸಕರ ಹೆಸರೇ ದಪ್ಪಗಿರುತ್ತದೆ. ಇವೆಲ್ಲ ಆಗಿದೆಯೇ ಎಂದು ತಿಳಿಯಲು ಉದ್ಘಾಟನೆಗೆ ಹೋಗಬೇಕಾಗಿಲ್ಲ. ಸರ್ವೆ ನಂಬರ್ ಗೊತ್ತಿದ್ದರೆ ನಾಡಕಚೇರಿಯಲ್ಲಿ ಪಹಣಿ ತೆಗೆಸಿ ಅದರ 9ನೇ ಮತ್ತು 11ನೇ ಕಲಂಗಳನ್ನು ನೋಡಬಹುದು. ಒಂದರಲ್ಲಿ ಜಮೀನು ಯಾರದೆಂದು ಇರುತ್ತದೆ, ಇನ್ನೊಂದರಲ್ಲಿ ಇತರ ಹಕ್ಕುಗಳು. ಎರಡರಲ್ಲೂ ಸ್ಮಾರಕದ ಸುಳಿವಿಲ್ಲದಿದ್ದರೆ, ತಹಶೀಲ್ದಾರರಿಗೆ ಒಂದು ಅರ್ಜಿ ಬರೆದು ಸ್ವೀಕೃತಿ ಪಡೆಯುವುದು ಯಾವ ಊರಿನವರಿಗೂ ಕಷ್ಟದ ಕೆಲಸವಲ್ಲ.